ಸಹಿ ಹಾಕಿದವರ ಸೀಟು

ಜೂನ್ 4

ಅಪ್ಪಾ,

ನೀವಿಬ್ಬರೂ ಕ್ಷೇಮವಾಗಿ ಅಣ್ಣನ ಮನೆ ಸೇರಿದ ವಿಷಯ ತಿಳಿದು ನಿರಾಳವಾಯಿತು. ಕಣ್ಣಿನ ಡಾಕ್ಟರು ಆರು ತಿಂಗಳು ಓದಬಾರದು, ಬರೆಯಬಾರದು ಎಂದಿದ್ದಾರಂತೆ. ಹಾಗಾದರೆ ಈ ಕಾಗದವನ್ನು ಅಮ್ಮ ಗಟ್ಟಿಯಾಗಿ ಓದುತ್ತಿದ್ದಾಳೆ, ನೀವು ಹೇಳುವ ಉತ್ತರವನ್ನೂ ಅವಳೇ ಬರೆಯುತ್ತಾಳೆ. ಅಮ್ಮಾ, ನಡುನಡುವೆ ನಿನ್ನ ಮಾತು ಸೇರಿಸಬೇಡ. ಸೇರಿಸದೆ ಇರುವವಳಲ್ಲ ನೀನು, ಗೊತ್ತು.

ಫ್ಲೈಯಿಂಗ್ ಕ್ಲಬ್ಬಿನ ಈ ತಿಂಗಳ ಸುದ್ದಿಹಾಳೆಯನ್ನು ಜೊತೆಗಿಟ್ಟಿದ್ದೇನೆ. ಹಾಳೆಯಲ್ಲಿ ಹಾಕಲಾಗದ ಸುದ್ದಿಗಳು ಇಲ್ಲಿವೆ. ಹೊಸ ಅಧ್ಯಕ್ಷರು ಬಂದಿದ್ದಾರೆ, ಸಿಮೆಂಟ್ ವ್ಯಾಪಾರಿ. ವಿಮಾನ ಏರಿದ ಕೂಡಲೇ ಕಣ್ಣು ಮುಚ್ಚಿಕೊಳ್ಳುತ್ತಾರೆ, ಇಳಿದ ಮೇಲೆ ಹಾರುವುದು ಹೇಗೆಂದು ಎಲ್ಲರಿಗೂ ಪಾಠ ಮಾಡುತ್ತಾರೆ. ಔಷಧಿ ಅಂಗಡಿಯವರು ಮೊದಲ ಬಾರಿ ಒಬ್ಬರೇ ಹಾರಿದರು. ಇಳಿಯುವಾಗ ವಿಮಾನ ಮೂರು ಸಲ ಪುಟಿಯಿತು. ‘ಮೂರು ಲ್ಯಾಂಡಿಂಗ್ ಅಂತ ಬರ್ಕೊಳ್ಲಾ?’ ಎಂದು ಹಾರಲು ಕಲಿಸುವ ಕ್ಯಾಪ್ಟನ್ ಕೇಳಿದ್ದಕ್ಕೆ ಪಾಪ, ‘ಹೂಂ ಸಾರ್’ ಎಂದುಬಿಟ್ಟರು. ಗಾಳಿಯ ದಿಕ್ಕು ತೋರಿಸುವ ಚೀಲ ಹರಿದುಹೋಗಿ ಹೊಸದು ಹಾಕಿಸಿದೆವು.

ನಿಮ್ಮ ಅಜ್ಜಿಯ ವಿಷಯ. (ಅಮ್ಮಾ, ಹಳೆಯ ವಿಮಾನದ ವಿಷಯ, ನಿನ್ನ ಅತ್ತೆಯದಲ್ಲ.) ಬಲಗಡೆಯ ಬ್ರೇಕು ಹಿಡಿಯುತ್ತಿರಲಿಲ್ಲ. ನಿಮ್ಮ ಮೆಕ್ಯಾನಿಕ್ ಶಿಷ್ಯರೊಬ್ಬರೇ ಎರಡು ದಿನ ಬಿಚ್ಚಿ ಸರಿ ಮಾಡಿ ಸಹಿ ಹಾಕಿದರು. ನೀವು ಹ್ಯಾಂಗರಿನ ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿದ ನಿಯಮ ಹಾಗೆಯೇ ಇದೆ: ರಿಪೇರಿಗೆ ಸಹಿ ಹಾಕಿದವರು ಮೊದಲ ಹಾರಾಟದಲ್ಲಿ ಪಕ್ಕದ ಸೀಟಿನಲ್ಲಿ ಕೂರತಕ್ಕದ್ದು. ನೀವಿಲ್ಲ ಎಂದು ನಿಯಮ ತಪ್ಪಿಲ್ಲ. ಅಂದೂ ಪಕ್ಕದ ಸೀಟು ಖಾಲಿ ಇರಲಿಲ್ಲ. ಚಿಂತೆ ಬಿಟ್ಟು ಕಣ್ಣು ನೋಡಿಕೊಳ್ಳಿ.

ನಿಮ್ಮ ಮಗಳು

*

ಜೂನ್ 13

ಮಗಳೇ,

ಕಾಗದ ಬಂತು. ಎಡಗಣ್ಣಿನ ಆಪರೇಷನ್ ಆಯಿತು, ಬಲಗಣ್ಣಿಗೆ ಇನ್ನೂ ದಿನ ಕೊಟ್ಟಿಲ್ಲ. ಬೆಳಕು ಕಾಣುತ್ತದೆ, ಮುಖ ಕಾಣುವುದಿಲ್ಲ.

(ಮುಖ ಕಾಣೋದಿಲ್ಲ, ಆದ್ರೆ ಸಾರಲ್ಲಿ ಉಪ್ಪು ಕಮ್ಮಿ ಇದ್ರೆ ಕಾಣುತ್ತೆ. ಇದು ನಾನು, ನಿನ್ನಮ್ಮ.)

ಶಿಷ್ಯ ಹತ್ತಿದ ಎಂದು ಕೇಳಿ ಬಹಳ ಸಂತೋಷವಾಯಿತು. ಅವನಿಗೆ ಎತ್ತರ ಎಂದರೆ ಕಾಲು ನಡುಕ. ಹ್ಯಾಂಗರಿನ ಏಣಿ ಹತ್ತಲೂ ಹಿಂದೆ ಮುಂದೆ ನೋಡುತ್ತಿದ್ದ. ನಾನು ಇರುವವರೆಗೆ ದೊಡ್ಡ ಸಹಿಗಳೆಲ್ಲ ನನ್ನವೇ, ಹಾಗಾಗಿ ಅವನಿಗೆ ಕೂರುವ ಪ್ರಸಂಗ ಬರಲಿಲ್ಲ. ನನ್ನ ನಂತರ ಈ ನಿಯಮ ನಿಂತುಹೋಗುತ್ತದೆ ಎಂದು ಹೆದರಿದ್ದೆ. ಅವನಿಗೆ ನನ್ನ ಶಾಭಾಷ್ ಹೇಳು.

ಅಜ್ಜಿಯ ಎಂಜಿನ್ ಅಡಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದೆಯೇ ನೋಡಿ ಬರೆ. ಮರೆಯಬೇಡ.

(ಇಡೀ ದಿನ ಆ ವಿಮಾನದ್ದೇ ಜಪ. ನನ್ನ ತಮ್ಮನ ಹುಡುಗಾಟಕ್ಕೆ ಒಂದು ವಿಮಾನ, ಅವನ ಜೀವ, ನಮ್ಮಮ್ಮನ ನೆಮ್ಮದಿ ಎಲ್ಲ ಹೋಯ್ತು. ಮಂಜಲ್ಲಿ ಹಾರ್ಬೇಡ ಅಂದ್ರೂ ಕೇಳ್ಲಿಲ್ಲ, ಪುಣ್ಯಾತ್ಮ. ಇಪ್ಪತ್ತೆರಡು ವರ್ಷ ಆಯ್ತು. ನೀನು ಆಫೀಸಿನ ಕುರ್ಚಿ ಬಿಟ್ಟು ಆ ಕಡೆ ಹೋಗ್ಬೇಡ. ಇದನ್ನ ಬರೀಬೇಡ ಅಂತ ನಿಮ್ಮಪ್ಪ ಹೇಳ್ತಾನೇ ಇದಾರೆ, ನಾನು ಬರೀತಾನೇ ಇದೀನಿ.)

ಅಪ್ಪ

*

ಜುಲೈ 1

ಅಪ್ಪಾ,

ಎಣ್ಣೆ ತೊಟ್ಟಿಕ್ಕುತ್ತಿದೆ. ಅಲ್ಲಿಂದ ಹೇಗೆ ತಿಳಿಯಿತು ನಿಮಗೆ? ಅಡಿಯಲ್ಲಿ ಒಂದು ತಗಡಿನ ತಟ್ಟೆ ಇಟ್ಟಿದ್ದೇವೆ. ಸಂಜೆಯ ಹೊತ್ತಿಗೆ ತಳ ಮುಚ್ಚುವಷ್ಟು ಆಗಿರುತ್ತದೆ. ‘ವಯಸ್ಸಾದ್ಮೇಲೆ ಇಷ್ಟು ಇರ್ಲೇಬೇಕು’ ಎನ್ನುತ್ತಾರೆ ಶಿಷ್ಯರು.

ಕಳೆದ ಕಾಗದದ ನಂತರ ಅಜ್ಜಿಗೆ ಮೂರು ರಿಪೇರಿ. ಒಮ್ಮೆ ಪ್ಲಗ್ಗುಗಳು, ಒಮ್ಮೆ ಬಾಲದ ಚಕ್ರ, ಒಮ್ಮೆ ಎಣ್ಣೆಯ ಪೈಪು. ಮೂರಕ್ಕೂ ಶಿಷ್ಯರ ಸಹಿ, ಮೂರು ಸಲವೂ ನಿಯಮದಂತೆ ಹಾರಾಟ. ಎರಡನೇ ಸಲ ಕಲ್ಲುಗಣಿಯ ಮೇಲೆ ಬಂದಾಗ ಎಂಜಿನ್ ಒಮ್ಮೆ ಕೆಮ್ಮಿತಂತೆ. ಒಂದೇ ಕ್ಷಣವಂತೆ. ಆಮೇಲೆ ಏನೂ ಆಗದ ಹಾಗೆ ಓಡಿತಂತೆ. ಕ್ಯಾಪ್ಟನ್ ಸಿಳ್ಳೆ ಹಾಕುತ್ತಲೇ ಇಳಿಸಿದರು. ಆದರೆ ಇಳಿದ ಮೇಲೆ ಒಂದು ಲೋಟ ನೀರನ್ನು ಒಂದೇ ಗುಟುಕಿಗೆ ಕುಡಿದರು.

ನಿಮ್ಮ ಶಾಭಾಷ್ ಹೇಳಿದೆ. ಶಿಷ್ಯರು ಕೈಯಲ್ಲಿದ್ದ ಬಟ್ಟೆಯಿಂದ ಒಂದೇ ಸ್ಪ್ಯಾನರನ್ನು ಬಹಳ ಹೊತ್ತು ಒರೆಸುತ್ತ ನಿಂತರು. ಅವರು ಯಾವಾಗಲೂ ಹಾಗೇ ತಾನೆ. ಮಾತಿಗೆ ಎಣ್ಣೆ ಹಾಕುವುದನ್ನು ನೀವು ಕಲಿಸಲಿಲ್ಲ.

ಇನ್ನೊಂದು ಸುದ್ದಿ. ಆಗಸ್ಟ್ ಕೊನೆಯ ಭಾನುವಾರ ಕ್ಲಬ್ಬಿನ ಬಾಗಿಲು ಊರಿಗೆಲ್ಲ ತೆರೆಯುತ್ತೇವೆ. ಬಂದವರನ್ನು ಅಜ್ಜಿಯಲ್ಲಿ ಕೂರಿಸಿ ಊರ ಮೇಲೆ ಒಂದು ಸುತ್ತು. ಈಗಲೇ ನಲವತ್ತು ಹೆಸರು ಬಂದಿವೆ, ಅದರಲ್ಲಿ ಅರ್ಧ ಶಾಲೆಯ ಮಕ್ಕಳದು. ಅಧ್ಯಕ್ಷರು ಹೊಸ ಕೋಟು ಹೊಲಿಯಲು ಕೊಟ್ಟಿದ್ದಾರೆ.

ಮಗಳು

*

ಜುಲೈ 9

ಮಗಳೇ,

ಎಂಜಿನ್ ಕೆಮ್ಮಿದ್ದು ಸಣ್ಣ ವಿಷಯವಲ್ಲ. ಪೆಟ್ರೋಲಿನಲ್ಲಿ ನೀರು ಸೇರಿರಬಹುದು, ಪೈಪಿನಲ್ಲಿ ಗಾಳಿ ಹೊಕ್ಕಿರಬಹುದು. ಶಿಷ್ಯನಿಗೆ ಹೇಳು, ಟ್ಯಾಂಕಿನಿಂದ ಎಂಜಿನ್ನಿನವರೆಗೆ ಪ್ರತಿ ಜಾಯಿಂಟನ್ನೂ ಕೈಯಿಂದ ಮುಟ್ಟಿ ನೋಡಲಿ. ಕಣ್ಣಿಂದ ನೋಡಿದರೆ ಸಾಲದು. ಆದರೆ ಅವನೇ ಪಕ್ಕದಲ್ಲಿ ಕೂತಿದ್ದನಲ್ಲ, ಆ ಕೆಮ್ಮು ಅವನ ಹೊಟ್ಟೆಯಲ್ಲೇ ಕೇಳಿಸಿರುತ್ತದೆ. ಅವನು ಸುಮ್ಮನಿರುವವನಲ್ಲ. ಆ ಧೈರ್ಯದ ಮೇಲೆ ನಾನು ನಿದ್ದೆ ಮಾಡುತ್ತಿದ್ದೇನೆ.

ಅಧ್ಯಕ್ಷರಿಗೆ ಬೇರೆ ಕಾಗದ ಬರೆಸಿದ್ದೇನೆ. ಶಿಷ್ಯನನ್ನೇ ಮುಖ್ಯ ಮೆಕ್ಯಾನಿಕ್ ಮಾಡಿ, ಮೇಲೆ ಇನ್ನೊಬ್ಬರನ್ನು ತರುವುದು ಬೇಡ ಎಂದು. ಎತ್ತರಕ್ಕೆ ಹೆದರುವವನು ತನ್ನ ಕೆಲಸದ ಮೇಲೆ ನಂಬಿಕೆಯಿಟ್ಟು ನಾಲ್ಕು ಸಲ ಹತ್ತಿದ್ದಾನೆ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ ಎಂದು ಬರೆಸಿದೆ.

(ನನ್ನ ಬಗ್ಗೆ ನಲವತ್ತು ವರ್ಷದಲ್ಲಿ ಇಷ್ಟು ಒಳ್ಳೇ ಮಾತು ಬಂದಿಲ್ಲ. ಬರೀತಾ ನಂಗೇ ಹೊಟ್ಟೆಕಿಚ್ಚಾಯ್ತು.)

ಅಪ್ಪ

*

ಜುಲೈ 25

ಅಪ್ಪಾ,

ನಿಮ್ಮ ಕಾಗದವನ್ನು ಅಧ್ಯಕ್ಷರು ಮೀಟಿಂಗಿನಲ್ಲಿ ಎದ್ದು ನಿಂತು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಿಷ್ಯರು ಮುಖ್ಯ ಮೆಕ್ಯಾನಿಕ್ ಆದರು. ಹಳೆಯ ವಿಮಾನ ಎಂದು ವರ್ಷಕ್ಕೊಮ್ಮೆ ಹೊರಗಿನ ಎಂಜಿನಿಯರನ್ನು ಕರೆಸುವ ಮಾತು ಇತ್ತಲ್ಲ, ಅದನ್ನು ನಿಮ್ಮ ಕಾಗದದ ಆಧಾರದ ಮೇಲೆ ಕೈಬಿಟ್ಟರು. ಶಿಷ್ಯರಿಗೆ ಮಾತಾಡಲು ಹೇಳಿದರು. ಅವರು ಎದ್ದರು, ನನ್ನ ಕಡೆ ನೋಡಿದರು, ‘ಗುರುಗಳ ದೊಡ್ಡ ಮನಸ್ಸು’ ಎಂದಷ್ಟೇ ಹೇಳಿ ಕೂತರು. ನಾನು ತಲೆ ಬಗ್ಗಿಸಿ ಮೀಟಿಂಗಿನ ಮಾತುಗಳನ್ನು ಬರೆದುಕೊಳ್ಳುತ್ತಿದ್ದೆ.

ಮನೆ ಚೆನ್ನಾಗಿದೆ. ಮೇಲಿನ ನೀರಿನ ಟ್ಯಾಂಕಿನ ಮುಚ್ಚಳ ಸರಿದು ಬಿದ್ದಿತ್ತು, ಒಳಗೆ ಎರಡು ಪಾರಿವಾಳ ಕೂತಿದ್ದವು. ಕಂಡ ಮರುದಿನವೇ ಪೇಂಟರಿಂದ ಏಣಿ ತರಿಸಿ ಟ್ಯಾಂಕು ತೊಳೆಸಿ ಮುಚ್ಚಿಸಿದೆ. ಎಷ್ಟು ದಿನದಿಂದ ಆ ನೀರು ಕುಡಿಯುತ್ತಿದ್ದೆನೋ!

ಊರಿಗೆ ಬಾಗಿಲು ತೆರೆಯುವ ದಿನಕ್ಕೆ ಮೊದಲು ಅಜ್ಜಿಯ ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸುತ್ತಾರೆ. ಎಣ್ಣೆಯ ತಟ್ಟೆ ಈಗ ಮಧ್ಯಾಹ್ನಕ್ಕೇ ತುಂಬುತ್ತದೆ. ಅಮ್ಮಾ, ನೀನು ಕಳಿಸಿದ ಸ್ವೆಟರ್ ತೋಳು ಗಿಡ್ಡ. ನನಗೆ ಇನ್ನೂ ಹದಿನಾರೇ ವರ್ಷ ಎಂದುಕೊಂಡಿದ್ದೀಯಾ?

ಮಗಳು

*

ಜುಲೈ 31

ಮಗಳೇ,

ಟ್ಯಾಂಕಿನ ಒಳಗೆ ಪಾರಿವಾಳ ಕೂತಿದ್ದನ್ನು ಯಾರು ನೋಡಿದರು?

ಆ ಮನೆಯ ಮಾಳಿಗೆಗೆ ಮೆಟ್ಟಿಲಿಲ್ಲ. ಸುತ್ತ ಅದಕ್ಕಿಂತ ಎತ್ತರದ ಕಟ್ಟಡ ಇಲ್ಲ. ಏಣಿ ತರಿಸಿದ್ದು ಕಂಡ ಮರುದಿನ ಎಂದಿದ್ದೀಯ. ಹಾಗಾದರೆ ಏಣಿಯಿಲ್ಲದೆ ಕಂಡದ್ದು ಎಲ್ಲಿಂದ? ವಿಮಾನ ಇಳಿಯಲು ತಿರುಗುವಾಗ ಎಡಗಡೆ ಬಗ್ಗುತ್ತದೆ, ಆಗ ಮಾತ್ರ ನಮ್ಮ ಟ್ಯಾಂಕಿನ ಬಾಯಿ ಕಾಣುತ್ತದೆ. ನನಗೆ ಗೊತ್ತು, ಮೂವತ್ತು ವರ್ಷ ನೋಡಿದ್ದೇನೆ.

ಕೂಡಲೇ ಉತ್ತರ ಬರೆ.

(ಟ್ಯಾಂಕಿನ ಸಾಲನ್ನ ಮೂರು ಸಲ ಓದಿಸಿದ್ರು. ಊಟಕ್ಕೆ ಕೂತೋರು ಎದ್ದು ಹೋದ್ರು. ಮುಚ್ಚಳ ಹಾಕ್ಸಿದೀಯಲ್ಲ, ಇನ್ನೇನಂತೆ? ನಂಗೇನೂ ಅರ್ಥ ಆಗ್ಲಿಲ್ಲ ಕಣೇ.)

ಅಪ್ಪ

*

ಆಗಸ್ಟ್ 6

ಅಪ್ಪಾ, ಅಮ್ಮಾ,

ಅಮ್ಮಾ, ಮೊದಲು ಕೂತುಕೋ. ಆಮೇಲೆ ಓದು. ನಾನು ಗಟ್ಟಿಮುಟ್ಟಾಗಿದ್ದೇನೆ.

ಟ್ಯಾಂಕನ್ನು ನಾನೇ ನೋಡಿದೆ, ಮೇಲಿನಿಂದ. ಪಕ್ಕದ ಸೀಟಿನಲ್ಲಿ ಕೂರುತ್ತಿರುವುದು ನಾನು. ಮೇ ಕೊನೆಯಿಂದ ಇಲ್ಲಿಯವರೆಗೆ ಒಂಬತ್ತು ಸಲ.

ನೀವು ಊರು ಬಿಟ್ಟ ವಾರವೇ ಶಿಷ್ಯರು ಒಮ್ಮೆ ಹತ್ತಿದ್ದರು. ಇಳಿದಾಗ ಮುಖ ಬಿಳಿಚಿತ್ತು, ಹ್ಯಾಂಗರಿನ ನೆಲದ ಮೇಲೆ ಮಧ್ಯಾಹ್ನದವರೆಗೆ ಕೂತೇ ಇದ್ದರು. ಮುಂದಿನ ಸಲ ಸಹಿ ಹಾಕಿ ವಿಮಾನದ ಬಾಗಿಲು ಹಿಡಿದುಕೊಂಡು ನಿಂತರು, ಕಾಲು ಎತ್ತಲಾಗಲಿಲ್ಲ. ವಿದ್ಯಾರ್ಥಿಗಳು ಕಾಯುತ್ತಿದ್ದರು. ನಾನು ರಿಪೇರಿ ಪುಸ್ತಕ ವಾಪಸು ಒಯ್ಯಲು ಬಂದಿದ್ದೆ. ‘ನಿಯಮಕ್ಕೆ ಯಾರೋ ಒಬ್ರು ಕೂತ್ರಾಯ್ತು, ನೀವೇ ಬನ್ನಿ’ ಎಂದರು ಕ್ಯಾಪ್ಟನ್. ಪುಸ್ತಕ ಕಂಕುಳಲ್ಲಿಟ್ಟುಕೊಂಡೇ ಹತ್ತಿದೆ. ಅಂದಿನಿಂದ ಸಹಿ ಅವರದು, ಸೀಟು ನನ್ನದು. ನಿಯಮ ಮುರಿಯಲಿಲ್ಲ ಅಪ್ಪಾ, ಸ್ವಲ್ಪ ಬಗ್ಗಿಸಿದೆವು ಅಷ್ಟೇ.

ಸುಳ್ಳು ಹೇಳಿದ್ದು ತಪ್ಪು. ಹೇಳಿದ್ದರೆ ಅಮ್ಮ ಮಾಮನ ಹೆಸರು ಹಿಡಿದು ಅತ್ತುಬಿಡುತ್ತಾಳೆ ಎಂದು ಹೇಳಲಿಲ್ಲ. ಇನ್ನೊಂದು ಕಾರಣವೂ ಇದೆ. ಎಂಟು ವರ್ಷದಿಂದ ಬೇರೆಯವರ ಹಾರಾಟದ ಗಂಟೆಗಳನ್ನು ಬರೆದು ಬರೆದು ಬೆರಳು ಸವೆಸಿದ್ದೇನೆ. ಮೊದಲ ಸಲ ನೆಲ ಬಿಟ್ಟು ಎದ್ದಾಗ ನನಗೆ ನಗು ಬಂದುಬಿಟ್ಟಿತು, ತಡೆಯಲು ಆಗಲಿಲ್ಲ. ಈಗ ಕ್ಯಾಪ್ಟನ್ ಐದು ಹತ್ತು ನಿಮಿಷ ನನ್ನ ಕೈಗೆ ಕೊಡುತ್ತಾರೆ. ನನ್ನ ಕೈ ಹಗುರ ಎನ್ನುತ್ತಾರೆ. ನನಗೆ ಇದು ಬೇಕು ಅಪ್ಪಾ. ಬಿಡು ಎನ್ನಬೇಡಿ.

ಮಗಳು

*

ಆಗಸ್ಟ್ 12

ಮಗಳೇ,

ಹತ್ತಬೇಡ.

ಎಂಜಿನ್ ಬಿಚ್ಚಿ ಜೋಡಿಸಿದ ಮೇಲಿನ ಮೊದಲ ಹಾರಾಟಕ್ಕಂತೂ ಖಂಡಿತ ಹತ್ತಬೇಡ. ಇದು ನನ್ನ ಮಾತು.

(ಬರೀ ಇಷ್ಟೇ ಹೇಳಿದ್ರು. ಯಾಕೆ ಅಂತ ಹೇಳಿ ಅಂದ್ರೆ ಗೋಡೆ ಕಡೆ ತಿರುಗಿದ್ರು. ನಾನು ಹೇಳ್ತೀನಿ ಯಾಕೆ ಅಂತ. ನಮ್ಮ ವಂಶದಲ್ಲಿ ಒಬ್ಬ ಹುಚ್ಚಪ್ಪ ಸಾಕು. ಅವನೂ ಹೀಗೇ ನಗ್ತಿದ್ದ. ಆ ದಿನ ಮಂಜಿದೆ ಅಂತ ಒಂದು ಗಳಿಗೆ ತಡೆದಿದ್ರೆ ಇವತ್ತು ನಿಂಗೆ ಮಾಮ ಇರ್ತಿದ್ದ. ಅವನ ಫೋಟೋಗೆ ದಿನಾ ಬೈತೀನಿ, ಇನ್ನು ನಿನ್ನ ಫೋಟೋಗೂ ಬೈಯೋ ಹಾಗೆ ಮಾಡ್ಬೇಡ. ಆ ಶಿಷ್ಯೋತ್ತಮನಿಗೆ ನಾನು ಕೇಳ್ದೆ ಅಂತ ಹೇಳು.)

ಅಪ್ಪ

*

ಆಗಸ್ಟ್ 18

ಅಪ್ಪಾ,

ಶುಕ್ರವಾರ ಅಧ್ಯಕ್ಷರ ಕೋಣೆಗೆ ನಿಮ್ಮ ಫೋನ್ ಬಂದಾಗ ಅಲ್ಲಿ ಆರು ಜನ ಕೂತಿದ್ದರು. ‘ಹತ್ಬೇಡ’ ಎಂದಿರಿ. ‘ಯಾಕೆ ಅಪ್ಪಾ?’ ಎಂದೆ. ಹಿಂದೆ ಅಮ್ಮ ಫೋನ್ ಅಂಗಡಿಯವರ ಹತ್ತಿರ ಚಿಲ್ಲರೆ ಕೇಳುವುದು ಕೇಳಿಸಿತು. ನೀವು ಆಮೇಲೆ ಫೋನ್ ಇಟ್ಟಿರಿ.

ನನಗೆ ಮೂವತ್ತು ವರ್ಷ. ಕಾರಣ ಕೊಡದೆ ಬೇಡ ಎಂದರೆ ಬಿಡುವ ವಯಸ್ಸಲ್ಲ. ಮಾಮ ಮಂಜಿನಲ್ಲಿ ಹಾರಿದರು, ನಾನು ಮಂಜಿನಲ್ಲಿ ಹಾರುವುದಿಲ್ಲ. ಶಿಷ್ಯರ ಕೆಲಸ ಒಳ್ಳೆಯದೆಂದು ಊರಿಗೆಲ್ಲ ಸರ್ಟಿಫಿಕೇಟ್ ಕೊಟ್ಟವರು ನೀವು. ಅದೇ ಕೆಲಸದ ಪಕ್ಕ ನಿಮ್ಮ ಮಗಳು ಕೂತರೆ ಏನು ಕಷ್ಟ? ಇನ್ನೊಬ್ಬರ ಮಕ್ಕಳು ಭಾನುವಾರ ಅದರಲ್ಲೇ ಕೂರುತ್ತಾರಲ್ಲ?

ಹೋದ ವಾರ ಹತ್ತನೇ ಸಲ ಹಾರಿದೆ. ಕಲ್ಲುಗಣಿಯ ಮೇಲೆ ಮತ್ತೆ ಕೆಮ್ಮಿತು, ಈ ಸಲ ಎರಡು ಕ್ಷಣ. ಕ್ಯಾಪ್ಟನ್ ಸಿಳ್ಳೆ ನಿಲ್ಲಿಸಿದರು. ನಿಮ್ಮಿಂದ ಮುಚ್ಚಿಡುವುದು ಮುಗಿಯಿತು, ಆದ್ದರಿಂದ ಇದನ್ನೂ ಬರೆದಿದ್ದೇನೆ. ಈಗ ಎಂಜಿನ್ ಪೂರ್ತಿ ಕೆಳಗಿಳಿದಿದೆ, ಹ್ಯಾಂಗರಿನ ನೆಲದ ತುಂಬ ಅದರ ತುಂಡುಗಳು. ಶಿಷ್ಯರು ಚಾರ್ಟು ನೋಡಿ ನೋಡಿ ಜೋಡಿಸುತ್ತಿದ್ದಾರೆ. ಇಪ್ಪತ್ತೆಂಟರ ಬೆಳಿಗ್ಗೆ ಹತ್ತು ಗಂಟೆಗೆ ಮೊದಲ ಹಾರಾಟ. ನಾನು ಕೂರುತ್ತೇನೆ.

ಮಗಳು

*

ಆಗಸ್ಟ್ 22

ಮಗಳೇ,

ಇದು ನನ್ನ ಕೈಬರಹ. ಸಾಲು ಸೊಟ್ಟ ಇರುತ್ತದೆ. ಸಾಲಿನ ಮೇಲೆ ಸಾಲು ಬಿದ್ದಿರಲೂಬಹುದು. ಅಮ್ಮ ನಿನ್ನ ಅತ್ತಿಗೆಯ ಜೊತೆ ಪೇಟೆಗೆ ಹೋಗಿದ್ದಾಳೆ. ಮನೆಯಿಂದ ಟಪಾಲು ಡಬ್ಬಿಗೆ ನೂರ ಹನ್ನೆರಡು ಹೆಜ್ಜೆ. ನಿನ್ನೆಯೇ ಎಣಿಸಿ ಬಂದಿದ್ದೇನೆ.

ಕಾರಣ ಕೇಳಿದೆ. ಹೇಳುತ್ತೇನೆ.

ಆಗ ಕ್ಲಬ್ಬಿನಲ್ಲಿ ಒಂದು ರೂಢಿ ಇತ್ತು. ರಿಪೇರಿ ಪುಸ್ತಕ ಆಫೀಸಿನಲ್ಲಿ, ವಿಮಾನ ಹ್ಯಾಂಗರಿನಲ್ಲಿ. ಎರಡೆರಡು ಸಲ ಓಡಾಡುವುದು ಯಾಕೆ ಎಂದು ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದ ಕೂಡಲೇ ಹೋಗಿ ಅಂದಿನ ಸಹಿಗಳನ್ನೆಲ್ಲ ಹಾಕಿಬಿಡುತ್ತಿದ್ದೆವು. ಉಳಿದ ಕೆಲಸ ಆಮೇಲೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ನಾನೂ ಮಾಡಿದೆ.

ಅಂದು ಪೆಟ್ರೋಲ್ ಪೈಪು ಬಿಚ್ಚಿ ತೊಳೆದು ಕೂರಿಸಿದ್ದೆ. ನಟ್ಟು ಅದುರಿ ಸಡಿಲವಾಗದ ಹಾಗೆ ಸಣ್ಣ ತಂತಿಯಿಂದ ಕಟ್ಟುತ್ತೇವೆ. ಆ ತಂತಿ ಕಟ್ಟುವುದೊಂದು ಬಾಕಿ ಇತ್ತು. ಸಹಿ ಹಾಕಿದೆ. ಕಾಫಿ ಕುಡಿದು ಬಂದು ಕಟ್ಟುತ್ತೇನೆ ಎಂದುಕೊಂಡೆ. ಹತ್ತು ನಿಮಿಷ.

ನಿನ್ನ ಮಾಮ ಬಂದು ಪುಸ್ತಕ ತೆಗೆದು ನೋಡಿದ. ಭಾವನ ಸಹಿ ಇದೆ. ಹೊರಟ.

ನಾನು ಲೋಟ ಹಿಡಿದುಕೊಂಡು ಹೊರಗೆ ಬಂದಾಗ ಅವನು ಮೇಲೆದ್ದಾಗಿತ್ತು. ಇಳಿ, ಇಳಿ ಎಂದು ಎರಡೂ ಕೈ ಬೀಸಿದೆ. ಅವನು ರೆಕ್ಕೆ ಅಲ್ಲಾಡಿಸಿದ. ಭಾವ ಟಾಟಾ ಮಾಡುತ್ತಿದ್ದಾರೆ ಎಂದುಕೊಂಡ. ಕಲ್ಲುಗಣಿಯ ಹತ್ತಿರ ಎಂಜಿನ್ ಶಬ್ದ ನಿಂತಿತು.

ವಿಮಾನ ಸುಟ್ಟುಹೋಗಿದ್ದರಿಂದ ಏನೂ ಸಿಗಲಿಲ್ಲ. ಮಂಜು ಎಂದು ಬರೆದುಕೊಂಡು ಹೋದರು. ಅಂದು ಅಷ್ಟು ಮಂಜೇ ಇರಲಿಲ್ಲ. ನಾನು ಬಾಯಿ ಬಿಡಲಿಲ್ಲ. ನಿನ್ನ ಅಮ್ಮ ಇಪ್ಪತ್ತೆರಡು ವರ್ಷದಿಂದ ತಮ್ಮನನ್ನು ಹುಡುಗಾಟದವನು ಎಂದು ಬೈಯುತ್ತಿದ್ದಾಳೆ. ಅವಳು ಬೈಯುವುದನ್ನು ಪಕ್ಕದಲ್ಲಿ ಕೂತು ಕೇಳುತ್ತಿದ್ದೇನೆ. ಅವನು ಹುಡುಗಾಟದವನಲ್ಲ. ಪುಸ್ತಕ ನೋಡದೆ ಒಂದು ದಿನವೂ ಹತ್ತಿದವನಲ್ಲ.

ಗೋಡೆಯ ಮೇಲೆ ನಿಯಮ ಬರೆಸಿದ್ದು ನನಗೋಸ್ಕರ. ಎಲ್ಲರೂ ಬುದ್ಧಿವಂತಿಕೆ ಎಂದು ಹೊಗಳಿದರು. ಅದು ಬುದ್ಧಿವಂತಿಕೆ ಅಲ್ಲ, ಭಯ. ಸಹಿ ಹಾಕುವವನಿಗೆ ಆ ಭಯ ಬೇಕು. ನನ್ನ ಜೀವ ಇದರಲ್ಲಿದೆ ಎಂದರೆ ಕೈ ತಾನಾಗಿ ಇನ್ನೊಂದು ಸಲ ನಟ್ಟು ಮುಟ್ಟುತ್ತದೆ. ನೀನು ಕೂತು ಶಿಷ್ಯನ ಭಯ ತೆಗೆದುಬಿಟ್ಟೆ. ಅವನು ಕೆಟ್ಟವನಲ್ಲ, ನಾನೂ ಕೆಟ್ಟವನಾಗಿರಲಿಲ್ಲ. ಅವನ ಎದೆಗಾರಿಕೆ ಎಂದು ನಾನು ಬರೆಸಿದ ಕಾಗದವೆಲ್ಲ ನಿನ್ನ ಎದೆಗಾರಿಕೆಯ ಮೇಲೆ ನಿಂತಿದೆ. ಹೊರಗಿನ ಎಂಜಿನಿಯರನ್ನು ಬರದ ಹಾಗೆ ಮಾಡಿದವನೂ ನಾನೇ.

ಅವನನ್ನೇ ಕೂರಿಸು. ಕೂರದಿದ್ದರೆ ವಿಮಾನ ಏಳಬಾರದು.

ಇನ್ನೊಂದು. ಅಮ್ಮನಿಗೆ ಇದನ್ನು ಹೇಳುವ ಶಕ್ತಿ ನನಗಿಲ್ಲ. ನಾನು ಹೋದ ಮೇಲೆ ನೀನೇ ನಿಧಾನವಾಗಿ ಹೇಳು. ನೀನು ಹೇಳಿದರೆ ಸಹಿಸಿಕೊಳ್ಳುತ್ತಾಳೆ. ಉತ್ತರದಲ್ಲಿ ಈ ವಿಷಯ ಬೇಡ, ಓದುವವಳು ಅವಳು. ತಲುಪಿತು ಎಂದು ಮಾತ್ರ ಬರೆ.

ಅಪ್ಪ

*

ಆಗಸ್ಟ್ 29

ಅಪ್ಪಾ,

ತಲುಪಿತು. ಇಪ್ಪತ್ತೇಳರ ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಬಂತು.

ನಿನ್ನೆ ಬೆಳಿಗ್ಗೆ ಅಜ್ಜಿಯನ್ನು ಹೊರಗೆ ತಳ್ಳಿದರು. ತೊಳೆದು ಒರೆಸಿ ಫಳಫಳ ಮಾಡಿದ್ದರು. ಅಧ್ಯಕ್ಷರು ಹೊಸ ಕೋಟು ಹಾಕಿಕೊಂಡು ಫೋಟೋಗ್ರಾಫರನ್ನು ಕರೆತಂದಿದ್ದರು. ಶಿಷ್ಯರು ಪುಸ್ತಕಕ್ಕೆ ಸಹಿ ಹಾಕಿ ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

‘ಇವತ್ತು ನೀವು ಕೂತ್ಕೊಳ್ಳಿ’ ಎಂದೆ.

ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ. ಕ್ಯಾಪ್ಟನ್ ಗಡಿಯಾರ ನೋಡಿ, ‘ಏನ್ರೀ ಇದು, ಎಲ್ಲ ಬಿಟ್ಟು ಇವತ್ತೇನಾ?’ ಎಂದರು. ಅಧ್ಯಕ್ಷರು, ‘ಹತ್ತಮ್ಮ, ಹತ್ತು, ಬಿಸಿಲು ಜಾಸ್ತಿ ಆದ್ರೆ ಫೋಟೋ ಚೆನ್ನಾಗಿ ಬರಲ್ಲ’ ಎಂದರು. ಗೋಡೆಯ ಮೇಲೆ ಬರೆದದ್ದನ್ನು ಎಲ್ಲರಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ ಓದಿದೆ. ಕೆಲಸ ಹೋದರೂ ಹೋಗಲಿ ಎಂದುಕೊಂಡಿದ್ದೆ.

ಶಿಷ್ಯರು ಬಾಗಿಲ ಹತ್ತಿರ ಹೋದರು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟರು. ಹಾಗೇ ನಿಂತರು. ಎತ್ತರದ ಭಯ ಎಂದು ಎಲ್ಲರೂ ಅಂದುಕೊಂಡೆವು. ಆಮೇಲೆ ಕಾಲು ತೆಗೆದು ನನ್ನ ಕೈಯಿಂದ ಪೆನ್ನು ಕೇಳಿ ತೆಗೆದುಕೊಂಡು ತಮ್ಮ ಸಹಿಯ ಮೇಲೆ ಅಡ್ಡಗೆರೆ ಎಳೆದರು.

‘ಏನು ಬಾಕಿ ಇದೆ?’ ಎಂದು ಕ್ಯಾಪ್ಟನ್ ಕೇಳಿದರು.

‘ಏನೂ ಬಾಕಿ ಇಲ್ಲ ಸಾರ್. ಆದ್ರೆ ನಾನೇ ಕೂರೋದಾದ್ರೆ ಇನ್ನೊಂದ್ಸಲ ನೋಡ್ಬೇಕು’ ಎಂದರು.

ಹಾಗೆ ಹೇಳಿದ ಮೇಲೆ ತಾವೇನು ಹೇಳಿದೆವೆಂದು ಅವರಿಗೇ ಗೊತ್ತಾಯಿತು. ನನ್ನ ಮುಖ ನೋಡಲಾಗದೆ ಎಂಜಿನ್ನಿನ ಕಡೆ ತಿರುಗಿಕೊಂಡರು. ಹತ್ತು ಸಲ ಅಪ್ಪಾ. ಹತ್ತು ಸಲ ನನ್ನನ್ನು ಕೂರಿಸುವಾಗ ಇನ್ನೊಮ್ಮೆ ನೋಡಬೇಕು ಎಂದು ಅವರಿಗೆ ಅನ್ನಿಸಿರಲಿಲ್ಲ. ನಾನು ಹ್ಯಾಂಗರಿನ ಹಿಂದೆ ಹೋಗಿ ನಿಂತೆ.

ನಾಲ್ಕು ಗಂಟೆ ಹೊತ್ತು ನೋಡಿದರು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಒಳಮಗ್ಗುಲಲ್ಲಿ ಕಾಗದದಷ್ಟು ತೆಳ್ಳಗಾಗಿತ್ತು. ಹೊರಗಿನಿಂದ ಕಾಣುವುದಿಲ್ಲ, ಕೈ ಹಾಕಿದರೆ ಮಾತ್ರ ತಿಳಿಯುತ್ತದೆ. ಬೆರಳಿಟ್ಟು ಬಗ್ಗಿಸಿದಾಗ ಸೀಳಿತು. ಎಂಜಿನ್ ಬಿಚ್ಚಿ ಜೋಡಿಸಿದಾಗ ಅದನ್ನು ಹಾಗೇ ವಾಪಸು ಹಾಕಿದ್ದರು. ಶಿಷ್ಯರು ಆ ತುಂಡನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟು, ನಿಮ್ಮ ಕಾಗದದಲ್ಲಿದ್ದ ಮೆಚ್ಚುಗೆ ತಮ್ಮದಲ್ಲ ಎಂದು ಎಲ್ಲರ ಎದುರು ತಾವೇ ಹೇಳಿದರು. ಅಳುತ್ತಿದ್ದರು. ಭಾನುವಾರದ ಹಾರಾಟ ರದ್ದಾಯಿತು. ಹೊರಗಿನ ಎಂಜಿನಿಯರು ಬಂದು ನೋಡುವವರೆಗೆ ಅಜ್ಜಿ ಹೊರಗೆ ಬರುವುದಿಲ್ಲ. ಸುದ್ದಿಹಾಳೆಯಲ್ಲಿ ಇದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹಾಕುತ್ತಿದ್ದೇನೆ, ನಾನು ಹತ್ತು ಸಲ ಕೂತಿದ್ದನ್ನೂ ಸೇರಿಸಿ.

ನನ್ನ ಜೀವ ಉಳಿಸಿದಿರಿ. ಇಂದು ಬೆಳಿಗ್ಗೆ ಎದ್ದು ಬಾಗಿಲು ತೆಗೆದಾಗ ಬಿಸಿಲು ನೋಡಿ ನಿಮ್ಮ ನೆನಪಾಗಿ ಅತ್ತೆ. ಸಿಟ್ಟೂ ಬಂತು. ಎರಡೂ ಇನ್ನೂ ಹಾಗೇ ಇವೆ.

ನೀವು ಕೊನೆಯಲ್ಲಿ ನನಗೊಂದು ಕೆಲಸ ಒಪ್ಪಿಸಿದ್ದೀರಿ. ಅದು ನನ್ನಿಂದ ಆಗುವುದಿಲ್ಲ ಅಪ್ಪಾ. ಬೇರೆಯವರ ಜಾಗದಲ್ಲಿ ಕೂತಿದ್ದು ಸಾಕಾಯಿತು.

ಅಮ್ಮಾ, ಇಲ್ಲಿಯವರೆಗೆ ಗಟ್ಟಿಯಾಗಿ ಓದಿದ್ದೀಯ. ಅಪ್ಪ ನನಗೆ ಬೇರೆ ಕಾಗದ ಬರೆದಿದ್ದರು, ನೀನು ಪೇಟೆಗೆ ಹೋಗಿದ್ದ ದಿನ, ಅವರದೇ ಕೈಯಲ್ಲಿ. ಅದರಲ್ಲಿ ಏನಿತ್ತೆಂದು ನಾನು ಬರೆಯುವುದಿಲ್ಲ. ಮಾಮನ ವಿಷಯ, ನಿನಗೆ ಅವರೇ ಹೇಳಬೇಕಾದದ್ದು. ಕಾಗದ ಮಡಿಸಿಡು. ಕುರ್ಚಿ ಎಳೆದುಕೊಂಡು ಅವರ ಹತ್ತಿರ ಕೂತುಕೋ, ಅವರಿಗೆ ದೂರದ ಮುಖ ಕಾಣುವುದಿಲ್ಲ. ಅವರು ಹೇಳಿ ಮುಗಿಸುವವರೆಗೆ ಏಳಬೇಡ.